ದೆವ್ವವೂ ಬೆಳಕೂ ಒಂದೇ ಮಾತಿನಲ್ಲಿ

ಈ ಲೇಖನವನ್ನು ಒಂದು ತಪ್ಪಿನಿಂದಲೇ ಆರಂಭಿಸಬೇಕಾಗಿದೆ. ತಪ್ಪು ನನ್ನದೇ. ಕೆಲವು ವರ್ಷಗಳ ಹಿಂದೆ ನಕ್ಷತ್ರಗಳನ್ನು ಕುರಿತ ಒಂದು ಇಂಗ್ಲಿಷ್ ಚಿತ್ರಕ್ಕೆ ಕನ್ನಡ ನಿರೂಪಣೆಯನ್ನು ಸಿದ್ಧಪಡಿಸುತ್ತಿದ್ದೆವು. ಮೂಲದಲ್ಲಿ ‘ಸ್ಪೆಕ್ಟ್ರಲ್’ ಎಂಬ ಗುಣವಾಚಕ ಪದೇ ಪದೇ ಬರುತ್ತಿತ್ತು. ಧ್ವನಿಮುದ್ರಣದ ರಾತ್ರಿ ಹಾಳೆಯನ್ನು ಕೈಗೆತ್ತಿಕೊಂಡ ನಿರೂಪಕರು ಒಂದು ಸಾಲಿನ ಬಳಿ ನಿಂತುಬಿಟ್ಟರು. “ಸಾರ್, ನಕ್ಷತ್ರಕ್ಕೂ ದೆವ್ವ ಹಿಡಿಯುತ್ತದೆಯೇ?” ಎಂದು ಕೇಳಿದರು. ಇಣುಕಿ ನೋಡಿದೆ. “ನಕ್ಷತ್ರದ ಬೆಳಕಿನಲ್ಲಿ ಕಾಣುವ ಭೂತಾಕಾರದ ಗೆರೆಗಳು” ಎಂದಿತ್ತು. ನಿಘಂಟಿನಲ್ಲಿ ಮೊದಲು ಕಂಡ ಅರ್ಥವನ್ನೇ ಅನುವಾದಕರು ಎತ್ತಿಕೊಂಡಿದ್ದರು. ಬಿ.ಎಸ್ಸಿ.ಯಲ್ಲಿ ಮೂರು ವರ್ಷ ಭೌತಶಾಸ್ತ್ರ ಓದಿದ ನಾನು ಅದರ ಕೆಳಗೆ ‘ನೋಡಿದೆ, ಸರಿಯಿದೆ’ ಎಂದು ಸಹಿ ಹಾಕಿದ್ದೆ!

ಪ್ರಸಾರಕ್ಕೆ ಮುಂಚೆಯೇ ಸಿಕ್ಕಿಬಿದ್ದದ್ದರಿಂದ ಮಾನ ಉಳಿಯಿತು. ‘ರೋಹಿತ ರೇಖೆಗಳು’ ಎಂದು ತಿದ್ದಿ ಕೆಲಸ ಮುಗಿಸಿದೆವು. ಆದರೆ ಪ್ರಶ್ನೆ ಮುಗಿಯಲಿಲ್ಲ. ದೆವ್ವಕ್ಕೂ ಬೆಳಕಿಗೂ ಇಂಗ್ಲಿಷಿನವರು ಒಂದೇ ಮಾತನ್ನು ಏಕೆ ಇಟ್ಟುಕೊಂಡರು? ಕಾದಂಬರಿಕಾರ ‘ಸ್ಪೆಕ್ಟ್ರಲ್’ ಕೈ ಎಂದು ಬರೆದರೆ ಓದುಗನಿಗೆ ನಡುಕ ಬರುತ್ತದೆ. ವಿಜ್ಞಾನಿ ‘ಸ್ಪೆಕ್ಟ್ರಲ್’ ರೇಖೆ ಎಂದರೆ ವಿದ್ಯಾರ್ಥಿ ಅಳತೆಪಟ್ಟಿ ತೆಗೆಯುತ್ತಾನೆ. ಇದು ಬರಿಯ ಕಾಕತಾಳೀಯವೇ, ಅಥವಾ ಮಾತಿನ ಒಳಗೆ ಏನಾದರೂ ಇತಿಹಾಸ ಕುಳಿತಿದೆಯೇ? ಈ ಪ್ರಶ್ನೆಯನ್ನು ಮತ್ತೆ ನನ್ನ ಮುಂದೆ ತಂದು ನಿಲ್ಲಿಸಿದ್ದು ಎಡಕುಮೇರಿಯ ಒಂದು ರಾತ್ರಿ.

ಎಡಕುಮೇರಿಯ ರಾತ್ರಿ

ಸಕಲೇಶಪುರದಿಂದ ಸುಬ್ರಹ್ಮಣ್ಯ ರಸ್ತೆಗೆ ಇಳಿಯುವ ರೈಲುಹಾದಿಯಲ್ಲಿ ಎಡಕುಮೇರಿ ಒಂದು ಪುಟ್ಟ ನಿಲ್ದಾಣ. ಸುಮಾರು 55 ಕಿಲೋಮೀಟರಿನ ಈ ಘಟ್ಟದ ಭಾಗದಲ್ಲಿ 57 ಸುರಂಗಗಳಿವೆ. ಪ್ರತಿ 50 ಅಡಿ ನಡೆದರೆ 1 ಅಡಿ ಇಳಿಯುವಷ್ಟು ಕಡಿದಾದ ಇಳಿಜಾರು. 1979ರಲ್ಲಿ ಇಲ್ಲಿ ಮೀಟರ್ ಗೇಜ್ ರೈಲು ಓಡತೊಡಗಿತು. 1996ರಲ್ಲಿ ಹಳಿ ಅಗಲಗೊಳಿಸುವುದಕ್ಕಾಗಿ ಸಂಚಾರವನ್ನು ನಿಲ್ಲಿಸಿದರು. 2006ರಲ್ಲಿ ಸರಕಿನ ರೈಲುಗಳೂ 2007ರ ಡಿಸೆಂಬರಿನಲ್ಲಿ ಪ್ರಯಾಣಿಕರ ರೈಲೂ ಬ್ರಾಡ್ ಗೇಜಿನ ಮೇಲೆ ಮರಳಿ ಬಂದವು. ಊರಿನ ಹೆಸರಿನಲ್ಲಿ ಕೇಳಿಸುವ ‘ಕುಮೇರಿ’ ಎಂಬ ಮಾತು ಮಲೆನಾಡಿನವರಿಗೂ ಕರಾವಳಿಯವರಿಗೂ ಪರಿಚಿತ. ಕಾಡನ್ನು ಕಡಿದು, ಸುಟ್ಟು, ಆ ಬೂದಿಯ ಮೇಲೆ ಬಿತ್ತುತ್ತಿದ್ದ ಹಳೆಯ ಬೇಸಾಯಕ್ಕೆ ಆ ಹೆಸರು.

ಮಳೆಗಾಲದಲ್ಲಿ ಹಳಿ ಕಾಯುವವರ ಬಗ್ಗೆ ಒಂದು ಕಾರ್ಯಕ್ರಮ ಮಾಡಲು, ಅನುಮತಿ ಪಡೆದು, ನಾವು ನಾಲ್ಕು ಮಂದಿ ಅಲ್ಲಿ ಒಂದು ರಾತ್ರಿ ತಂಗಿದ್ದೆವು. ಸೆಪ್ಟೆಂಬರಿನ ಕೊನೆ. ಮಳೆ ಬಿಟ್ಟು ಮಂಜು ಕವಿದಿತ್ತು. ಸುಮಾರು ಹತ್ತೂವರೆಗೆ ಕಣಿವೆಯ ತಿರುವಿನಾಚೆ ಒಂದು ಬೆಳಕು ಕಂಡಿತು. ದೀಪದಂತೆ ಚುಕ್ಕಿಯಲ್ಲ, ಬಿಳಿಯ ಮಸುಕು ಉಂಡೆ. ನೆಲಕ್ಕೂ ತಾಗದು, ಮುಗಿಲಿಗೂ ಸೇರದು. ಸ್ವಲ್ಪ ಏರಿತು, ಇಳಿಯಿತು, ಥಟ್ಟನೆ ಆರಿತು. ಏಳೆಂಟು ನಿಮಿಷದ ಮೇಲೆ ಇನ್ನೊಂದು ಕಡೆ ಕಾಣಿಸಿಕೊಂಡಿತು. ಬಯಲುಸೀಮೆಯಿಂದ ಬಂದಿದ್ದ ನಮ್ಮ ಛಾಯಾಗ್ರಾಹಕರ ಸಹಾಯಕ ಮೆಲ್ಲನೆ ಹೇಳಿದ: “ಸಾರ್, ಕೊಳ್ಳಿದೆವ್ವ.”

ನಗಬೇಕೆನಿಸಿತು, ಆದರೆ ನಗು ಬರಲಿಲ್ಲ. ನಿಜ ಹೇಳುತ್ತೇನೆ, ನನ್ನ ಬೆನ್ನಿನ ಮೇಲೂ ತಣ್ಣಗೆ ಏನೋ ಹರಿದಂತಾಯಿತು. ಅದೇ ಹೊತ್ತಿನಲ್ಲಿ ಇನ್ನೊಂದು ಯೋಚನೆಯೂ ಬಂತು. ಕೊಳ್ಳಿ ಎಂದರೆ ಉರಿಯುವ ಕಟ್ಟಿಗೆ; ದೆವ್ವ ಎಂದರೆ ದೆವ್ವ. ಇಂಗ್ಲಿಷಿನವರು ಒಂದು ಗುಣವಾಚಕದಲ್ಲಿ ಕಟ್ಟಿದ್ದನ್ನು ನಮ್ಮವರು ಒಂದು ಸಮಾಸದಲ್ಲಿ ಕಟ್ಟಿದ್ದಾರಲ್ಲ!

ಅರ್ಧ ಗಂಟೆಯ ನಂತರ ಆ ಬೆಳಕು ಹತ್ತಿರದ ಸುರಂಗದಿಂದ ಹೊರಬಂದು ಪ್ಲಾಟ್‌ಫಾರಂ ಏರಿತು. ಅದರ ಹಿಂದೆ ಒದ್ದೆ ರೇನ್‌ಕೋಟು ತೊಟ್ಟ ಒಬ್ಬ ಗಸ್ತಿನವರಿದ್ದರು. ಕೈಯಲ್ಲಿ ದೀಪ, ಹೆಗಲಿಗೆ ಚೀಲ. ಅವರು ಸುರಂಗ ಹೊಕ್ಕಾಗ ‘ದೆವ್ವ’ ಆರಿತ್ತು. ಆಚೆ ತುದಿಯಲ್ಲಿ ಹೊರಬಂದಾಗ ಮತ್ತೆ ಹೊತ್ತಿತ್ತು. ಇನ್ನು ಉಂಡೆಯ ವಿಷಯ. ಮಂಜಿನ ಹನಿಗಳು ಬೆಳಕಿನ ಅಲೆಯುದ್ದಕ್ಕಿಂತ ಬಹಳ ದೊಡ್ಡವು. ಅವು ಎಲ್ಲ ಬಣ್ಣಗಳನ್ನೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಚದುರಿಸುತ್ತವೆ. ಹಾಗಾಗಿ ದೀಪ ಮರೆಯಾಗಿ ಸುತ್ತಲಿನ ಮಂಜೇ ಬೆಳ್ಳಗೆ ಬೆಳಗುತ್ತದೆ. ದೆವ್ವಕ್ಕೆ ಕಾಲಿಲ್ಲ ಎನ್ನುವುದಕ್ಕೂ ಇಲ್ಲಿ ಕಾರಣವಿದೆ: ದೀಪ ಹಿಡಿದವನ ಕಾಲು ಮಂಜಿನಲ್ಲಿ ಯಾರಿಗೂ ಕಾಣುವುದಿಲ್ಲ!

ಕಂಡದ್ದು ಎಂಬ ಮಾತು

ಈಗ ಮಾತಿನ ಚರಿತ್ರೆಗೆ ಬರೋಣ. ಲ್ಯಾಟಿನಿನಲ್ಲಿ ‘ಸ್ಪೆಕೆರೆ’ ಎಂದರೆ ನೋಡು. ಅದರಿಂದ ಹುಟ್ಟಿದ ‘ಸ್ಪೆಕ್ಟ್ರಮ್’ ಎಂದರೆ ಕಂಡದ್ದು, ಕಾಣಿಸಿಕೊಂಡದ್ದು. ಕ್ರಿಸ್ತಪೂರ್ವ 45ರ ಸುಮಾರಿನಲ್ಲಿ ರೋಮಿನ ಸಿಸೆರೊ ತನ್ನ ಗೆಳೆಯ ಕ್ಯಾಸಿಯಸ್‌ಗೆ ಬರೆದ ಪತ್ರದಲ್ಲಿ ಈ ಶಬ್ದವನ್ನು ಹಿಡಿದು ತಮಾಷೆ ಮಾಡಿದ್ದಾನೆ. ವಸ್ತುಗಳಿಂದ ತೆಳು ಪೊರೆಗಳು ಕಳಚಿಕೊಂಡು ಹಾರಿಬಂದು ನಮ್ಮ ಕಣ್ಣನ್ನೂ ಮನಸ್ಸನ್ನೂ ಮುಟ್ಟುತ್ತವೆ ಎಂಬುದು ಎಪಿಕ್ಯೂರಸನ ಮತ. ಆ ಪೊರೆಗಳಿಗೆ ಕ್ಯಾಟಿಯಸ್ ಎಂಬ ಲೇಖಕ ‘ಸ್ಪೆಕ್ಟ್ರ’ ಎಂದು ಹೆಸರಿಟ್ಟಿದ್ದ. ಅಂದರೆ ಎರಡು ಸಾವಿರ ವರ್ಷಗಳ ಹಿಂದೆ ಈ ಮಾತಿಗೆ ದೆವ್ವದ ಗೊಡವೆಯೂ ಇರಲಿಲ್ಲ, ಬಣ್ಣದ ಗೊಡವೆಯೂ ಇರಲಿಲ್ಲ. ಮುಂದೆ, ಇಲ್ಲದಿದ್ದರೂ ಕಂಡದ್ದು ಎಂಬ ಛಾಯೆ ಬಲವಾಯಿತು. ಹದಿನೇಳನೆಯ ಶತಮಾನದ ಆರಂಭಕ್ಕೆ ಇಂಗ್ಲಿಷಿನಲ್ಲಿ ‘ಸ್ಪೆಕ್ಟರ್’ ಎಂದರೆ ಪ್ರೇತವೇ ಆಗಿಹೋಯಿತು.

ಅಂಥ ಹೊತ್ತಿನಲ್ಲಿ ಬಂದವನು ಐಸಾಕ್ ನ್ಯೂಟನ್. ಕೇಂಬ್ರಿಜ್‌ನ ಕತ್ತಲೆ ಕೋಣೆ. ಕಿಟಕಿಯ ಬಾಗಿಲಲ್ಲಿ ಒಂದು ತೂತು. ಅದರ ಮುಂದೆ ಗಾಜಿನ ಪಟ್ಟಕ. ಬಿಸಿಲ ಕೋಲು ಪಟ್ಟಕವನ್ನು ಹೊಕ್ಕು 22 ಅಡಿ ದೂರದ ಗೋಡೆಯ ಮೇಲೆ ಬಿತ್ತು. ಅಂದಿನ ತಿಳಿವಳಿಕೆಯ ಪ್ರಕಾರ ಅಲ್ಲಿ ದುಂಡು ಬಿಂಬ ಬೀಳಬೇಕಿತ್ತು. ಬಿದ್ದದ್ದು ಅಗಲಕ್ಕಿಂತ ಐದು ಪಟ್ಟು ಉದ್ದವಾದ ಬಣ್ಣದ ಪಟ್ಟಿ. 1672ರ ಫೆಬ್ರವರಿಯಲ್ಲಿ ರಾಯಲ್ ಸೊಸೈಟಿಗೆ ಕಳುಹಿಸಿದ ಪತ್ರದಲ್ಲಿ ನ್ಯೂಟನ್ ಅದನ್ನು ‘ಸ್ಪೆಕ್ಟ್ರಮ್’ ಎಂದು ಕರೆದ. ಗೋಡೆಯ ಮೇಲೆ ಕಾಣುತ್ತದೆ, ಮುಟ್ಟಿದರೆ ಏನೂ ಇಲ್ಲ. ಕಿಟಕಿ ಮುಚ್ಚಿದರೆ ಮಾಯ. ಬೇರೆ ಹೆಸರು ಬೇಕೇ?

ಮಾತು ಅಲ್ಲಿಂದಲೂ ನೇರವಾಗಿ ನಡೆಯಲಿಲ್ಲ. 1786ರಲ್ಲಿ ರಾಬರ್ಟ್ ವೇರಿಂಗ್ ಡಾರ್ವಿನ್, ವಿಕಾಸವಾದದ ಡಾರ್ವಿನನ ತಂದೆ, ‘ಕಣ್ಣಿನ ಸ್ಪೆಕ್ಟ್ರ’ಗಳನ್ನು ಕುರಿತು ಒಂದು ಪ್ರಬಂಧ ಬರೆದ. ಉರಿಯುವ ದೀಪವನ್ನು ದಿಟ್ಟಿಸಿ ಕಣ್ಣು ಮುಚ್ಚಿದರೆ ಉಳಿಯುತ್ತದಲ್ಲ, ಆ ಬಣ್ಣದ ಕಲೆ. ಅದು ಬೆಳಕೋ ಭೂತವೋ? ಎರಡರ ನಡುವಿನದು. ‘ಸ್ಪೆಕ್ಟ್ರಲ್’ ಎಂಬ ಗುಣವಾಚಕಕ್ಕೆ ಬೆಳಕಿನ ಅರ್ಥ ಗಟ್ಟಿಯಾಗಿ ಅಂಟಿಕೊಂಡದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. 1814ರಲ್ಲಿ ಜರ್ಮನಿಯ ಫ್ರೌನ್‌ಹೋಫರ್ ಸೂರ್ಯನ ಬಣ್ಣದ ಪಟ್ಟಿಯಲ್ಲಿ ಐನೂರಕ್ಕೂ ಮಿಕ್ಕಿದ ಕಪ್ಪು ಗೆರೆಗಳನ್ನು ಎಣಿಸಿದ. 1859–60ರಲ್ಲಿ ಕಿರ್ಖಾಫ್ ಮತ್ತು ಬುನ್ಸೆನ್ ಅವುಗಳ ಗುಟ್ಟು ಬಿಡಿಸಿದರು. ಪ್ರತಿಯೊಂದು ಧಾತುವೂ ತನ್ನದೇ ಗೆರೆಗಳ ಸಹಿಯನ್ನು ಬೆಳಕಿನ ಮೇಲೆ ಹಾಕುತ್ತದೆ. ಕೈಗೆ ಎಟುಕದ ವಸ್ತುವಿನಲ್ಲಿ ಏನಿದೆ ಎಂಬುದನ್ನು ಅದರ ಬೆಳಕನ್ನು ಓದಿ ಹೇಳಬಹುದು.

ಜಮಖಂಡಿಯ ಮೂರು ಗೆರೆಗಳು

ಈ ಹೊಸ ವಿದ್ಯೆಯ ದೊಡ್ಡ ಪರೀಕ್ಷೆ ನಡೆದದ್ದು ನಮ್ಮ ನೆಲದ ಮೇಲೆ. 1868ರ ಆಗಸ್ಟ್ 18ರ ಖಗ್ರಾಸ ಸೂರ್ಯಗ್ರಹಣದ ನೆರಳು ದಖ್ಖನದ ಮೇಲೆ ಹಾದುಹೋಯಿತು. ಫ್ರಾನ್ಸಿನ ಜಾನ್ಸೆನ್ ಗುಂಟೂರಿನಲ್ಲಿದ್ದ. ಇಂದು ಬಾಗಲಕೋಟೆ ಜಿಲ್ಲೆಗೆ ಸೇರಿರುವ ಜಮಖಂಡಿಗೆ ರಾಯಲ್ ಸೊಸೈಟಿಯ ಪರವಾಗಿ ಬಂದವರು ಲೆಫ್ಟಿನೆಂಟ್ ಜಾನ್ ಹರ್ಷೆಲ್. ಯುರೇನಸ್ ಗ್ರಹವನ್ನು ಕಂಡ ವಿಲಿಯಂ ಹರ್ಷೆಲನ ಮೊಮ್ಮಗ. ಆಗಸ್ಟ್ ತಿಂಗಳೆಂದ ಮೇಲೆ ಮೋಡ ಬಿಟ್ಟೀತೆ? ಮೋಡಗಳ ಸಂದಿಯಲ್ಲಿ ಸಿಕ್ಕ ಕೆಲವೇ ಕ್ಷಣಗಳಲ್ಲಿ ಸೂರ್ಯನ ಅಂಚಿನ ಜ್ವಾಲೆಯತ್ತ ರೋಹಿತದರ್ಶಕವನ್ನು ತಿರುಗಿಸಿದಾಗ ಹರ್ಷೆಲ್ ಮೂರು ಹೊಳೆಯುವ ಗೆರೆಗಳನ್ನು ಕಂಡರು. ಒಂದು ಕೆಂಪು, ಒಂದು ಕಿತ್ತಳೆ, ಒಂದು ನೀಲಿ.

ನಡುವಿನ ಗೆರೆಯನ್ನು ಆ ದಿನ ನೋಡಿದ ಹಲವರು ಸೋಡಿಯಂನದೇ ಎಂದುಕೊಂಡರು. ಅಳೆದು ನೋಡಿದರೆ ಅದು ಸೋಡಿಯಂ ಗೆರೆಯ ಪಕ್ಕದಲ್ಲಿತ್ತು, ಅದರ ಮೇಲಿರಲಿಲ್ಲ. ಅದೇ ವರ್ಷ ಅಕ್ಟೋಬರಿನಲ್ಲಿ ಇಂಗ್ಲೆಂಡಿನ ನಾರ್ಮನ್ ಲಾಕ್ಯರ್ ಗ್ರಹಣವಿಲ್ಲದೆಯೂ ಆ ಗೆರೆಯನ್ನು ಕಂಡ. ಭೂಮಿಯ ಮೇಲಿನ ಯಾವ ವಸ್ತುವಿನಲ್ಲೂ ಅಂಥ ಗೆರೆ ಇರಲಿಲ್ಲ. ಗೆರೆಯಿದೆ, ಒಡೆಯನಿಲ್ಲ! ಸೂರ್ಯನ ಹೆಸರಿನಿಂದ ಅದಕ್ಕೆ ಹೀಲಿಯಂ ಎಂದು ಕರೆದರು. 27 ವರ್ಷಗಳ ಕಾಲ ಹೀಲಿಯಂ ಎರಡೂ ಅರ್ಥದಲ್ಲಿ ‘ಸ್ಪೆಕ್ಟ್ರಲ್’ ಆಗಿತ್ತು. ಬೆಳಕಿನಲ್ಲಿ ಮಾತ್ರ ಕಾಣುತ್ತಿತ್ತು, ಮೈ ಇರಲಿಲ್ಲ. 1895ರಲ್ಲಿ ವಿಲಿಯಂ ರಾಮ್ಸೆ ಯುರೇನಿಯಂ ಅದಿರೊಂದರಿಂದ ಹೊರಬಂದ ಅನಿಲದಲ್ಲಿ ಅದೇ ಗೆರೆಯನ್ನು ಕಂಡಾಗ ದೆವ್ವಕ್ಕೆ ಮೈ ಬಂತು. ಇಂದು ಜಾತ್ರೆಯ ಬಲೂನಿನಲ್ಲಿ ಅದೇ ಇದೆ.

ಆದರೆ ಎಲ್ಲ ದೆವ್ವಗಳಿಗೂ ಮೈ ಬರಲಿಲ್ಲ. ಕಥೆಯ ಈ ಭಾಗವನ್ನು ಪಠ್ಯಪುಸ್ತಕಗಳು ಸಾಮಾನ್ಯವಾಗಿ ಹೇಳುವುದಿಲ್ಲ. 1864ರಲ್ಲಿ ವಿಲಿಯಂ ಹಗಿನ್ಸ್ ನೀಹಾರಿಕೆಯೊಂದರಲ್ಲಿ ಅಪರಿಚಿತ ಹಸಿರು ಗೆರೆಗಳನ್ನು ಕಂಡಿದ್ದ. ಅದರ ಒಡೆಯನಿಗೆ ‘ನೆಬ್ಯೂಲಿಯಂ’ ಎಂಬ ಹೆಸರು ಬಂತು. 1869ರ ಗ್ರಹಣದಲ್ಲಿ ಸೂರ್ಯನ ಕಿರೀಟದಲ್ಲಿ ಇನ್ನೊಂದು ಹಸಿರು ಗೆರೆ ಸಿಕ್ಕಿತು. ಅದಕ್ಕೆ ‘ಕೊರೋನಿಯಂ’. ಅದೇ ಕಿರೀಟವನ್ನು ನೋಡಲು 1871ರ ಡಿಸೆಂಬರ್ 12ರ ಗ್ರಹಣಕ್ಕೆ ಲಾಕ್ಯರ್ ಸ್ವತಃ ಕಾಸರಗೋಡು ಬಳಿಯ ಬೇಕಲ ಕೋಟೆಗೆ ಬಂದಿದ್ದ. ಆಗ ಅದು ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. ದಶಕಗಳು ಉರುಳಿದವು. ಹೀಲಿಯಂ ಸಿಕ್ಕಿದಂತೆ ಇವೂ ಸಿಕ್ಕಾವು ಎಂದು ರಸಾಯನಶಾಸ್ತ್ರಜ್ಞರು ಕಾದರು. ಸಿಗಲಿಲ್ಲ. ಸಿಗುವುದಕ್ಕೆ ಅಂಥ ಧಾತುಗಳೇ ಇರಲಿಲ್ಲ. 1927ರಲ್ಲಿ ಬೋವೆನ್ ನೆಬ್ಯೂಲಿಯಂ ಗೆರೆ ನಮ್ಮ ಆಮ್ಲಜನಕದ್ದೇ ಎಂದು ತೋರಿಸಿದರು; ಎರಡು ಎಲೆಕ್ಟ್ರಾನ್ ಕಳೆದುಕೊಂಡು, ಅತಿ ವಿರಳವಾದ ಅನಿಲದಲ್ಲಿ ಅದು ಬೇರೆ ವೇಷ ಹಾಕುತ್ತದೆ. 1940ರ ಸುಮಾರಿಗೆ ಗ್ರೋಟ್ರಿಯನ್ ಮತ್ತು ಎಡ್ಲೆನ್ ಅವರ ಕೆಲಸದಿಂದ ಕೊರೋನಿಯಂ ಎಂಬುದು ಹದಿಮೂರು ಎಲೆಕ್ಟ್ರಾನ್ ಕಳೆದುಕೊಂಡ ಕಬ್ಬಿಣ ಎಂದು ತಿಳಿಯಿತು. ಕಬ್ಬಿಣ ಅಷ್ಟು ಕಳೆದುಕೊಳ್ಳಬೇಕಾದರೆ ಸೂರ್ಯನ ಕಿರೀಟ ಹತ್ತು ಲಕ್ಷ ಡಿಗ್ರಿಗೂ ಮೀರಿ ಕಾದಿರಬೇಕು.

ಗಮನಿಸಿ: ಮೂರು ಪ್ರಸಂಗಗಳಲ್ಲೂ ಕಂಡದ್ದು ಸುಳ್ಳಲ್ಲ. ಗೆರೆಗಳಿದ್ದವು, ಈಗಲೂ ಇವೆ. ಕಂಡದ್ದಕ್ಕೆ ಕೊಟ್ಟ ಹೆಸರು ಒಂದು ಸಲ ನಿಜವಾಯಿತು, ಎರಡು ಸಲ ಸುಳ್ಳಾಯಿತು. ಸುಳ್ಳಾದಾಗಲೂ ಗೆರೆಯ ಜಾಗವನ್ನು ಸರಿಯಾಗಿ ಬರೆದಿಟ್ಟಿದ್ದರಿಂದಲೇ ಮುಂದಿನವರು ತಿದ್ದಲು ಸಾಧ್ಯವಾಯಿತು. ಆ ಕೊರೋನಿಯಂನ ಹಸಿರು ಗೆರೆ ಇರುವುದು 530.3 ನ್ಯಾನೋಮೀಟರಿನಲ್ಲಿ. 2023ರ ಸೆಪ್ಟೆಂಬರ್ 2ರಂದು ಹಾರಿದ ಆದಿತ್ಯ–ಎಲ್1 ನೌಕೆಯ ಕಿರೀಟದರ್ಶಕ ನೋಡುವ ಗೆರೆಗಳಲ್ಲಿ ಅದೂ ಒಂದು. ಆ ಉಪಕರಣವನ್ನು ಭಾರತೀಯ ಖಭೌತ ಸಂಸ್ಥೆಯವರು ಜೋಡಿಸಿದ್ದು ಬೆಂಗಳೂರಿನ ಪಕ್ಕದ ಹೊಸಕೋಟೆಯಲ್ಲಿ.

ಬಾಗದ ಕಾಮನಬಿಲ್ಲು

ಹಾಗಾದರೆ ಕನ್ನಡದಲ್ಲಿ ‘ಸ್ಪೆಕ್ಟ್ರಮ್’ಗೆ ಏನೆನ್ನಬೇಕು? ಇತ್ತೀಚಿನ ವರ್ಷಗಳಲ್ಲಿ ದೂರವಾಣಿ ತರಂಗಗಳ ಹರಾಜಿನ ಸುದ್ದಿಯಿಂದ ‘ಸ್ಪೆಕ್ಟ್ರಮ್’ ಎಂಬುದೇ ಹಳ್ಳಿಹಳ್ಳಿಗೆ ತಲುಪಿದೆ. ಆದರೆ ನಮ್ಮ ವಿಜ್ಞಾನ ಲೇಖಕರು ಬಹಳ ಹಿಂದೆಯೇ ಎರಡು ಮಾತುಗಳನ್ನು ರೂಢಿಗೆ ತಂದಿದ್ದರು. ಒಂದು ವರ್ಣಪಟಲ, ಇನ್ನೊಂದು ರೋಹಿತ. ರೋಹಿತ ಎಂದರೆ ಕೆಂಪು ಎಂದಷ್ಟೇ ನಾನು ತಿಳಿದಿದ್ದೆ. ಎಡಕುಮೇರಿಯಿಂದ ಬಂದ ಮೇಲೆ ಸಂಸ್ಕೃತ ಬಲ್ಲ ಹಿರಿಯರೊಬ್ಬರು ಅಮರಕೋಶ ತೆರೆದು ತೋರಿಸಿದರು. ಅದರಲ್ಲಿ ಕಾಮನಬಿಲ್ಲಿಗೆ ಹೆಸರುಗಳನ್ನು ಹೇಳಿ, ಅದೇ ಬಿಲ್ಲು ಬಾಗದೆ ನೆಟ್ಟಗಿದ್ದರೆ ‘ರೋಹಿತ’ ಎನ್ನಬೇಕು ಎಂದಿದೆ. ಬಾಗದ ಕಾಮನಬಿಲ್ಲು! ನ್ಯೂಟನ್‌ನ ಗೋಡೆಯ ಮೇಲೆ ಬಿದ್ದದ್ದು ಅದೇ ಅಲ್ಲವೇ? ನ್ಯೂಟನ್ ತಾನು ಕಂಡದ್ದಕ್ಕೆ ‘ಕಂಡದ್ದು’ ಎಂದು ಹೆಸರಿಟ್ಟ. ನಮ್ಮವರು ಆಕಾರ ನೋಡಿ ಹೆಸರಿಟ್ಟರು.

ಇದರಿಂದ ಲಾಭವೂ ಇದೆ, ನಷ್ಟವೂ ಇದೆ. ‘ರೋಹಿತ ರೇಖೆ’ ಎಂದಾಗ ಕನ್ನಡದ ಮಕ್ಕಳಿಗೆ ದೆವ್ವದ ಗೊಂದಲವಿಲ್ಲ. ಆದರೆ ಕಂಡದ್ದೆಲ್ಲ ಇದ್ದದ್ದೇ ಆಗಬೇಕಿಲ್ಲ ಎಂದು ಇಂಗ್ಲಿಷ್ ಮಾತು ಗುಟ್ಟಾಗಿ ಕೊಡುವ ಎಚ್ಚರಿಕೆಯೂ ಹೊರಟುಹೋಯಿತು.

ದೆವ್ವದ ವಿಷಯದಲ್ಲೂ ನಮ್ಮ ದಾರಿ ಬೇರೆ. ‘ಭೂತ’ ಎಂದರೆ ಆಗಿಹೋದದ್ದು. ‘ಪ್ರೇತ’ ಎಂದರೆ ಹೊರಟುಹೋದದ್ದು. ಲ್ಯಾಟಿನಿನವರು ದೆವ್ವವನ್ನು ಕಣ್ಣಿನಿಂದ ಹೆಸರಿಸಿದರೆ ನಾವು ಕಾಲದಿಂದ ಹೆಸರಿಸಿದ್ದೇವೆ. ಇನ್ನು ‘ದೆವ್ವ’? ಅದು ‘ದೈವ’ ಶಬ್ದದ ತದ್ಭವ. ದೈವ, ದೇವ ಎರಡರ ಬೇರೂ ‘ದಿವ್’ ಎಂಬ ಧಾತುವಿನಲ್ಲಿದೆ. ದಿವ್ ಎಂದರೆ ಬೆಳಗು, ಹೊಳೆ. ಕೊಳ್ಳಿಯನ್ನು ಕಿತ್ತುಕೊಂಡರೂ ನಮ್ಮ ದೆವ್ವದ ಒಳಗೆ ಬೆಳಕು ಇದ್ದೇ ಇದೆ!

ಇದನ್ನು ತಿಳಿದ ಮೇಲೆ ಎಡಕುಮೇರಿಯ ಹಾದಿ ನನಗೆ ಬೇರೆಯಾಗಿ ಕಾಣತೊಡಗಿತು. ಘಟ್ಟದ ಮೇಲೆ ಹಾಸನದ ಕಡೆ ‘ದೆವ್ವ’ ಎಂದರೆ ಮಕ್ಕಳನ್ನು ಹೆದರಿಸುವ ಮಾತು. ರೈಲು ಇಳಿದು ಸುಬ್ರಹ್ಮಣ್ಯ ರಸ್ತೆ ಮುಟ್ಟಿದರೆ ತುಳುನಾಡು. ಅಲ್ಲಿ ‘ದೈವ’, ‘ಭೂತ’ ಎಂದರೆ ಜನ ಕೈಮುಗಿಯುತ್ತಾರೆ, ರಾತ್ರಿಯಿಡೀ ದೀವಟಿಗೆಯ ಬೆಳಕಿನಲ್ಲಿ ಕೋಲ ಕಟ್ಟುತ್ತಾರೆ, ನ್ಯಾಯ ಕೇಳುತ್ತಾರೆ. ಮೇಲೆ ಓಡಿಸಬೇಕಾದದ್ದು, ಕೆಳಗೆ ಕರೆಯಬೇಕಾದದ್ದು. ನಡುವೆ ಇರುವುದು 57 ಸುರಂಗ.

ಎಲ್ಲಿ, ಎಷ್ಟು ಹೊತ್ತಿಗೆ, ಯಾವ ಬಣ್ಣ

ಆ ರಾತ್ರಿ ಗಸ್ತಿನವರಿಗೆ ಚಹಾ ಕೊಟ್ಟು, ಅವರ ಬೆಳಕನ್ನು ಕಂಡು ನಾವು ಹೆದರಿದ್ದನ್ನು ಹೇಳಿದೆವು. ಅವರು ನಗಲಿಲ್ಲ. ತಮಗೂ ಮೊದಲ ವರ್ಷ ಎದುರಿನಿಂದ ಬರುವ ಜೊತೆಗಾರನ ದೀಪ ಕಂಡು ಕಾಲು ನಡುಗಿತ್ತಂತೆ. ಮಳೆಗಾಲದಲ್ಲಿ ಕೊಳೆತ ಮರದ ಮೇಲೆ ತಣ್ಣಗೆ ಹಸಿರಾಗಿ ಬೆಳಗುವ ಅಣಬೆಗಳನ್ನೂ ಅವರು ನೋಡಿದ್ದರು. ಪಶ್ಚಿಮ ಘಟ್ಟದ ಕಾಡುಗಳಲ್ಲಿ ಅಂಥ ಶಿಲೀಂಧ್ರಗಳಿರುವುದು ನಿಜ. ಶಾಖವಿಲ್ಲದ ಈ ಬೆಳಕು ಜೀವಕೋಶದೊಳಗಿನ ರಾಸಾಯನಿಕ ಕ್ರಿಯೆಯಿಂದ ಹುಟ್ಟುತ್ತದೆ. ಜೌಗಿನಲ್ಲಿ ಹೊತ್ತುವ ಅನಿಲ, ಮಿಂಚುಹುಳದ ಗುಂಪು, ದೂರದಲ್ಲಿ ದೊಂದಿ ಹಿಡಿದು ನಡೆಯುವ ದಾರಿಹೋಕ. ಕೊಳ್ಳಿದೆವ್ವ ಎಂಬ ಒಂದೇ ಹೆಸರಿನ ಕೆಳಗೆ ಇಷ್ಟೆಲ್ಲ ಬೆಳಕುಗಳು ಸೇರಿರಬಹುದು.

“ಹಾಗಾದರೆ ಏನಾದರೂ ಕಂಡರೆ ಏನು ಮಾಡುತ್ತೀರಿ?” ಎಂದು ಕೇಳಿದೆ.

“ಏನೋ ಕಂಡಿತು ಅಂತ ಹೇಳೋ ಹಾಗಿಲ್ಲ ಸಾರ್. ಎಲ್ಲಿ, ಎಷ್ಟು ಹೊತ್ತಿಗೆ, ಯಾವ ಬಣ್ಣ. ಅಷ್ಟು ಹೇಳಬೇಕು. ಹೆದರಿ ವಾಪಸ್ ಬಂದರೆ ಮುಂದೆ ಗುಡ್ಡ ಜರಿದಿರೋದು ಯಾರು ನೋಡ್ತಾರೆ?”

ಇದು ಉತ್ಪ್ರೇಕ್ಷೆಯ ಮಾತಲ್ಲ. 2018ರ ಆಗಸ್ಟಿನ ಮಳೆಯಲ್ಲಿ ಈ ಹಾದಿಯ ಹಲವೆಡೆ ಗುಡ್ಡ ಕುಸಿದು ರೈಲು ನಿಂತಿತು. 2024ರ ಜುಲೈ 26ರಂದು ಎಡಕುಮೇರಿ–ಕಡಗರವಳ್ಳಿ ನಡುವೆಯೇ ಮಣ್ಣು ಜರಿದು ಸಂಚಾರ ದಿನಗಟ್ಟಲೆ ಕಡಿದುಹೋಯಿತು. ಅಂಥ ರಾತ್ರಿಗಳಲ್ಲಿ ಗಸ್ತಿನವರ ದೀಪ ಕೆಂಪೋ ಹಸಿರೋ ಎಂಬುದನ್ನು ಎಂಜಿನ್ ಚಾಲಕ ಮಂಜಿನಲ್ಲಿ ಓದಿಕೊಳ್ಳಬೇಕು. ನಾವು ದೆವ್ವ ಎಂದು ಕರೆದ ಬೆಳಕು ನೂರಾರು ಪ್ರಯಾಣಿಕರ ಜೀವ ಕಾಯುವ ಬೆಳಕಾಗಿತ್ತು.

ಜಮಖಂಡಿಯ ಹರ್ಷೆಲ್ ಮಾಡಿದ್ದೂ ಇಷ್ಟೇ ಎಂದು ನನಗೆ ಆಮೇಲೆ ಹೊಳೆಯಿತು. ಅದು ಏನು ಎಂದು ಆ ದಿನ ಯಾರಿಗೂ ಗೊತ್ತಿರಲಿಲ್ಲ. ಎಲ್ಲಿ, ಎಷ್ಟು ಹೊತ್ತಿಗೆ, ಯಾವ ಬಣ್ಣ ಎಂಬುದು ಕಾಗದದ ಮೇಲೆ ಉಳಿಯಿತು. ಉಳಿದದ್ದು ಮುಂದಿನವರ ಪಾಲಿನ ಕೆಲಸ.

ಓದುಗರು ಮನೆಯಲ್ಲೇ ಒಂದು ಸಣ್ಣ ಪ್ರಯೋಗ ಮಾಡಬಹುದು. ಮೂಲೆಯಲ್ಲಿ ಬಿದ್ದಿರುವ ಹಳೆಯ ಸಿ.ಡಿ.ಯೊಂದನ್ನು ತೆಗೆದುಕೊಳ್ಳಿ. ಅದರ ಮೇಲ್ಮೈಯಲ್ಲಿ ಮಿಲಿಮೀಟರಿಗೆ ಆರುನೂರಕ್ಕೂ ಹೆಚ್ಚು ಸುತ್ತುಗೆರೆಗಳಿವೆ. ಅವು ಬೆಳಕನ್ನು ಬಿಡಿಸಿ ತೋರಿಸುತ್ತವೆ. ಕತ್ತಲೆ ಕೋಣೆಯಲ್ಲಿ ಮೇಣದಬತ್ತಿಯ ಬೆಳಕನ್ನು ಅದರಲ್ಲಿ ಓರೆಯಾಗಿ ನೋಡಿ. ಬಣ್ಣಗಳು ಒಂದಕ್ಕೊಂದು ಬೆಸೆದಿರುತ್ತವೆ. ಹಳೆಯ ಟ್ಯೂಬ್‌ಲೈಟ್ ಸಿಕ್ಕರೆ ಅದನ್ನೂ ನೋಡಿ. ಬಣ್ಣಗಳು ಕೆಲವೆಡೆ ಒಡೆದು ಪಟ್ಟಿಗಳಾಗಿ ಕಾಣುತ್ತವೆ. ಆ ಪಟ್ಟಿಗಳಲ್ಲಿ ಕೆಲವು ಕೊಳವೆಯೊಳಗಿನ ಪಾದರಸದ ಸಹಿ. ಸೂರ್ಯನನ್ನು ಮಾತ್ರ ನೇರವಾಗಿಯಾಗಲಿ ಸಿ.ಡಿ.ಯಲ್ಲಾಗಲಿ ನೋಡಬೇಡಿ. ಹಾಗೆಯೇ ನಿಮ್ಮ ಕಡೆ ಕೊಳ್ಳಿದೆವ್ವಕ್ಕೆ ಬೇರೆ ಹೆಸರಿದ್ದರೆ ನಮಗೊಂದು ಕಾಗದ ಬರೆದು ತಿಳಿಸಿ. ಕಂಡ ಸ್ಥಳ, ಹೊತ್ತು ಮತ್ತು ಬಣ್ಣವನ್ನು ಬರೆಯಲು ಮರೆಯಬೇಡಿ.